ಒನೇಗಾಕ್ಕೆ ಹೋಗದ ಕಲ್ಲು

ನಮ್ಮ ಮೇಸ್ತ್ರಿ ಎರಡೂ ಕೈಗೆ ವಾಚು ಕಟ್ಟುತ್ತಿದ್ದರು. ಎಡಗೈಯಲ್ಲಿ ಚಾಮರಾಜನಗರದ ಹೊತ್ತು, ಬಲಗೈಯಲ್ಲಿ ರಷ್ಯಾದ ಉತ್ತರದಲ್ಲಿರುವ ಕರೇಲಿಯಾ ಎಂಬ ಸೀಮೆಯ ಹೊತ್ತು. ಎರಡಕ್ಕೂ ಎರಡೂವರೆ ಗಂಟೆಯ ಅಂತರ. ಕಲ್ಲು ತುಂಬಲು ಬಂದ ಹೊಸ ಲಾರಿ ಡ್ರೈವರುಗಳು ನೋಡಿ ನಕ್ಕರೆ ಮೇಸ್ತ್ರಿಗೆ ಬೇಸರವಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಕಾರ್ಖಾನೆಯ ಗೇಟು ತೆಗೆಯುವಾಗ ಬಲಗೈ ಎತ್ತಿ ನೋಡಿ, ಅಲ್ಲಿ ಈಗ ಆರೂವರೆ, ಕ್ವಾರಿಯಲ್ಲಿ ಅಡುಗೆ ಮಾಡುವ ಆಪಾ ಕ್ಯಾಂಟೀನಿನ ಒಲೆ ಹಚ್ಚಿ ಗಂಜಿಗೆ ಇಟ್ಟಿರುತ್ತಾಳೆ ಎಂದು ವರದಿ ಒಪ್ಪಿಸುತ್ತಿದ್ದರು.

ಹೋದ ದಸರಾ ಮುಗಿದ ವಾರ ಅವರು ಗುಂಡ್ಲುಪೇಟೆಯ ಮನೆಯಲ್ಲಿ ತೀರಿಕೊಂಡರು. ನಾನು ಹೋಗುವ ಹೊತ್ತಿಗೆ ಮಣ್ಣು ಮಾಡಿ ಬಂದಿದ್ದರು. ಕಿಟಕಿಯ ಕಟ್ಟೆಯ ಮೇಲೆ ಎರಡು ವಾಚುಗಳೂ ಇದ್ದವು, ಎರಡೂ ಓಡುತ್ತಿದ್ದವು. ಬಸ್ಸಿನಲ್ಲಿ ಬರುವಾಗೆಲ್ಲ ಗಟ್ಟಿಯಾಗಿಯೇ ಇದ್ದವಳು ಆ ಬಲಗೈ ವಾಚು ನೋಡಿ ಅತ್ತುಬಿಟ್ಟೆ.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಊರಿನ ಎಷ್ಟೋ ಗೋರಿಗೆ, ಅಂಗಡಿಗೆ, ಶಾಲೆಯ ಗೋಡೆಗೆ ಹೆಸರು ಕೆತ್ತಿಕೊಟ್ಟ ಮನುಷ್ಯ ತನ್ನ ಹೆಸರನ್ನು ಎಲ್ಲೂ ಕೆತ್ತಿಕೊಳ್ಳಲಿಲ್ಲ. ಖಬರಸ್ತಾನದಲ್ಲಿ ಅವರ ತಲೆಯ ಕಡೆ ಒಂದು ಕಾಡುಗಲ್ಲು ನಿಲ್ಲಿಸಿದ್ದಾರೆ, ಅಷ್ಟೇ. ಅದೂ ಅವರೇ ಹೇಳಿಟ್ಟದ್ದು. ಬದುಕಿದ್ದಾಗ ಬೇಡವೆಂದದ್ದನ್ನು ಸತ್ತ ಮೇಲೆ ನಾನು ಕಾಗದದ ಮೇಲೆ ಮಾಡುವುದು ಸರಿಯಲ್ಲ.

ನಾನು ಬೇಗೂರಿನವಳು. ಡಿಗ್ರಿ ಮುಗಿಸಿದ ವರ್ಷವೇ ಸಂತೆಮರಹಳ್ಳಿ ರಸ್ತೆಯಲ್ಲಿರುವ ಕಲ್ಲಿನ ಕಾರ್ಖಾನೆಯೊಂದರಲ್ಲಿ ಆಫೀಸು ಕೆಲಸಕ್ಕೆ ಸೇರಿದೆ. ನಮ್ಮ ಸೀಮೆಯ ಕರಿಕಲ್ಲನ್ನು ಕೊಯ್ದು, ಪಾಲಿಶ್ ಮಾಡಿ ಹೊರದೇಶಕ್ಕೆ ಕಳಿಸುವ ಕಾರ್ಖಾನೆ ಅದು. ಎಷ್ಟು ಚಪ್ಪಡಿ, ಎಷ್ಟು ತೂಕ, ಯಾವ ಬಂದರು ಎಂದು ಕಂಟೇನರಿನ ಕಾಗದಪತ್ರ ಬರೆಯುವುದು ನನ್ನ ಕೆಲಸ. ಸೇರಿದ ಮೂರನೆಯ ದಿನವೇ ಮೇಸ್ತ್ರಿ ಆಫೀಸಿನ ಬಾಗಿಲಿಗೆ ಬಂದು, ಕಲ್ಲು ನೋಡದೆ ಕಲ್ಲಿನ ಕಾಗದ ಬರೆಯುವುದು ಹುಡುಗನ ಮುಖ ನೋಡದೆ ಲಗ್ನಪತ್ರಿಕೆ ಬರೆದ ಹಾಗೆ ಎಂದು ನನ್ನನ್ನು ಅಂಗಳಕ್ಕೆ ಕರೆದೊಯ್ದರು.

ಅವರು ಕಲ್ಲು ನೋಡುವ ಕ್ರಮ ಹೀಗಿತ್ತು. ಒಂದು ಚೊಂಬು ನೀರನ್ನು ಕಲ್ಲಿನ ಮೈಮೇಲೆ ಸಮನಾಗಿ ಸುರಿಯುವುದು, ಬೀಡಿ ಹಚ್ಚಿ ಎದುರಿಗೆ ಕುಕ್ಕರುಗಾಲಿನಲ್ಲಿ ಕೂರುವುದು. ಬಿಸಿಲಿಗೆ ಕಲ್ಲು ಒಣಗುತ್ತಾ ಬರುತ್ತದೆ. ಒಳಗೆ ಕೂದಲೆಳೆಯಷ್ಟು ಗೆರೆ ಇದ್ದರೂ ಸಾಕು, ಸುತ್ತಲೂ ಒಣಗಿದ ಮೇಲೂ ಅಲ್ಲಿ ಮಾತ್ರ ಒದ್ದೆ ಉಳಿಯುತ್ತದೆ. ಅಂಥ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಡ್ಡಗೆರೆ ಹಾಕಿ ಎದ್ದುಬಿಡುವರು. ಯಜಮಾನರೇ ಬಂದು ಗೋಗರೆದರೂ ಆ ಅಡ್ಡಗೆರೆ ಅಳಿಸುತ್ತಿರಲಿಲ್ಲ.

“ನೀರು ಸುಳ್ಳೇಳಲ್ಲ ಕಣಮ್ಮಿ,” ಎಂದರು ಆ ದಿನ. ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು ಅದು. ಕೆಲಸದವರೆಲ್ಲ ಅವರ ಬೆನ್ನ ಹಿಂದೆ ಅದನ್ನೇ ಅಣಕಿಸುತ್ತಿದ್ದರು, ನಾನೂ ಅಣಕಿಸಿದ್ದೇನೆ.

ಮರುವರ್ಷ ಅವರು ಕರೇಲಿಯಾಕ್ಕೆ ಹೋದರು. ನಮ್ಮ ಕಲ್ಲು ಕೊಳ್ಳುತ್ತಿದ್ದ ರಷ್ಯಾದ ವ್ಯಾಪಾರಿಗೆ ಅಲ್ಲಿ ತನ್ನದೇ ಒಂದು ಕ್ವಾರಿ ಇತ್ತು. ಅಲ್ಲಿಯ ಕಲ್ಲೂ ಕಪ್ಪೇ. ಮದ್ದಿಟ್ಟು ಒಡೆದರೆ ಬಂಡೆಯ ಒಳಗೆಲ್ಲ ಬಿರುಕು ಬಿಡುತ್ತದೆ, ಬೆಣೆ ಹೊಡೆದು ನಯವಾಗಿ ಸೀಳುವ ಕೈ ಬೇಕು ಎಂದು ಅವನು ನಮ್ಮ ಯಜಮಾನರನ್ನು ಕೇಳಿದ್ದ. ಇಬ್ಬರು ಹೊರಟರು. ಜೊತೆಗೆ ಹೋದವನು ತಿಂಗಳು ತುಂಬುವುದರೊಳಗೆ ಮೂಗು ಕೆಂಪಗೆ ಮಾಡಿಕೊಂಡು ವಾಪಸು ಬಂದ. ಮೇಸ್ತ್ರಿ ಎರಡು ಚಳಿಗಾಲ ಅಲ್ಲೇ ಕಳೆದರು.

ಬಂದವರ ಬಾಯಲ್ಲಿ ಬರೀ ಕರೇಲಿಯಾ. ನಾನು ಭೂಗೋಳದಲ್ಲಿ ಪಾಸಾದವಳೇ, ಆದರೂ ಆ ಸೀಮೆ ಎಲ್ಲಿದೆಯೆಂದು ತಿಳಿದದ್ದು ಅವರು ನೆಲದ ಕಲ್ಲುಪುಡಿಯ ಮೇಲೆ ಬೆರಳಿನಿಂದ ಬರೆದು ತೋರಿಸಿದಾಗ. ಈ ಪಕ್ಕಕ್ಕೆ ಫಿನ್ಲೆಂಡ್, ಮೇಲೆ ಬಿಳಿ ಸಮುದ್ರ, ಕೆಳಗೆ ಎರಡು ದೊಡ್ಡ ಕೆರೆ. ಅದರಲ್ಲೊಂದು ಒನೇಗಾ. ಕೆರೆ ಎಂದಾಕ್ಷಣ ನಾನು ನಮ್ಮೂರ ಕೆರೆಯನ್ನು ನೆನೆಸಿಕೊಂಡರೆ ಅವರು ತಲೆಯಾಡಿಸಿ, ಒನೇಗಾದೊಳಗೆ ನಮ್ಮ ಇಡೀ ಜಿಲ್ಲೆಯನ್ನು ಬೆಟ್ಟ ಕಾಡು ಸಮೇತ ಮಲಗಿಸಬಹುದು, ಆಮೇಲೂ ಜಾಗ ಮಿಗುತ್ತದೆ ಎಂದರು. ಸುಳ್ಳೆಂದುಕೊಂಡು ಫೋನಿನಲ್ಲಿ ಹುಡುಕಿ ನೋಡಿದೆ. ನಿಜವೇ ಆಗಿತ್ತು. ಚಳಿಗಾಲದಲ್ಲಿ ಅಷ್ಟು ದೊಡ್ಡ ಕೆರೆ ಗಟ್ಟಿಯಾಗುತ್ತದಂತೆ, ಅದರ ಮೇಲೆ ಜೀಪು ಓಡಿಸುತ್ತಾರಂತೆ, ತೂತು ಕೊರೆದು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಮೀನು ಹಿಡಿಯುತ್ತಾರಂತೆ.

ಎರಡು ವಾಚಿನ ಕತೆಯೂ ಅಲ್ಲಿಯದೇ. ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗಲು ಮನಸ್ಸೇ ಮಾಡುವುದಿಲ್ಲ. ಮುಳುಗಿದರೂ ಕತ್ತಲಾಗುವ ಮೊದಲೇ ಇನ್ನೊಂದು ಕಡೆಯಿಂದ ಬಂದುಬಿಡುತ್ತಾನೆ. ರಂಜಾನ್ ಬಂದಾಗ ಮೇಸ್ತ್ರಿಗೆ ಪೀಕಲಾಟವಾಯಿತು. ಕೇಳೋಣವೆಂದರೆ ಆ ಹಳ್ಳಿಯಲ್ಲಿ ಮಸೀದಿಯಿಲ್ಲ, ತಿಳಿದವರಿಲ್ಲ. ಕೊನೆಗೆ ಚಾಮರಾಜನಗರದ ಹೊತ್ತಿಗೆ ಇನ್ನೊಂದು ವಾಚು ಕಟ್ಟಿಕೊಂಡು, ಹೆಂಡತಿ ಇಲ್ಲಿ ಖರ್ಜೂರ ಬಾಯಿಗಿಡುವ ಹೊತ್ತಿಗೆ ತಾನೂ ಅಲ್ಲಿ ಹಗಲು ಬೆಳಕಿನಲ್ಲೇ ಉಪವಾಸ ಬಿಟ್ಟರು. ಊರಿಗೆ ಬಂದ ಮೇಲೆ ಕೈ ಅದಲುಬದಲಾಯಿತು, ವಾಚು ಎರಡೂ ಉಳಿದವು.

ಆ ಸೀಮೆಯ ಬದುಕನ್ನು ಅವರು ಕಲ್ಲು ನೋಡಿದ ಹಾಗೆಯೇ ನೋಡಿ ಬಂದಿದ್ದರು. ಹಿಂದಿನ ದೊರೆಯೊಬ್ಬ ಕೆರೆಯ ದಡದಲ್ಲಿ ಫಿರಂಗಿ ಎರಕ ಹೊಯ್ಯುವ ಕಾರ್ಖಾನೆ ಹಾಕಿದನಂತೆ, ಅದರ ಸುತ್ತ ಬೆಳೆದದ್ದೇ ಅವರ ಜಿಲ್ಲಾಪಟ್ಟಣ. ಪಕ್ಕದ ಊರಿನ ಕೆಂಪುಕಲ್ಲು ಫ್ರಾನ್ಸಿನ ಚಕ್ರವರ್ತಿಯ ಗೋರಿಗೆ ಹೋಗಿದೆ ಎಂದು ಅಲ್ಲಿಯ ಮುದುಕರು ಇವತ್ತಿಗೂ ಮೀಸೆ ತಿರುವುತ್ತಾರೆ. ಬೇಸಿಗೆ ಗೇಣುದ್ದ, ಹಾಗಾಗಿ ಬೇಸಾಯ ಇಲ್ಲವೆನ್ನುವಷ್ಟು ಕಡಿಮೆ. ಆಲೂಗಡ್ಡೆ ಬೆಳೆದುಕೊಂಡರೆ ಅದೇ ದೊಡ್ಡದು. ಮರ, ಕಾಗದ, ಅದಿರು, ಕಲ್ಲು, ಮೀನು ಇವೇ ಅನ್ನ. ಬಂಡೀಪುರವನ್ನು ನೂರು ಸಲ ಹಾಸಿದಷ್ಟು ಕಾಡು, ಅದರಲ್ಲಿ ಆನೆಯಿಲ್ಲ, ಕರಡಿ ಉಂಟು. ಕಡಿದ ಮರ ರೈಲು ಹತ್ತಿ ಹೋಗುತ್ತದೆ, ಸೀಳಿದ ಕಲ್ಲೂ ಹೋಗುತ್ತದೆ, ಹಿಂದೆಯೇ ವಯಸ್ಸಿನವರೂ ಹೋಗುತ್ತಾರೆ. ಹಳ್ಳಿಗಳಲ್ಲಿ ಹೊಗೆ ಏಳುವ ಮನೆಗಿಂತ ಬೀಗ ಹಾಕಿದ ಮನೆಯೇ ಜಾಸ್ತಿ ಎನ್ನುತ್ತಿದ್ದರು.

“ನಮ್ಮೂರಂಗೇ ಕಣಮ್ಮಿ. ಒಳ್ಳೇದೆಲ್ಲ ಲಾರಿ ಅತ್ಕಂಡು ಓಯ್ತದೆ, ದೂಳು ಇಲ್ಲೇ ಉಳ್ಕತದೆ,” ಎಂದರು ಒಂದು ಸಲ. ಹಾಗೆನ್ನುವಾಗಲೇ ಅವರಿಗೆ ಕೆಮ್ಮು ಶುರುವಾಗಿತ್ತು. ಬಟ್ಟೆ ಕಟ್ಟಿಕೊಳ್ಳಿ ಮೇಸ್ತ್ರಿ ಎಂದು ನಾನು ಬಯ್ದರೆ, ಬಟ್ಟೆ ಕಟ್ಟಿದರೆ ಕಲ್ಲಿನ ವಾಸನೆ ಸಿಗುವುದಿಲ್ಲ ಎನ್ನುತ್ತಿದ್ದರು. ಇಂಥ ಮೊಂಡುತನಕ್ಕೆ ಏನು ಹೇಳುವುದು?

ಒನೇಗಾದ ಇನ್ನೊಂದು ದಡಕ್ಕೆ ಅವರನ್ನು ಒಂದು ರಜೆಯ ದಿನ ಕರೆದುಕೊಂಡು ಹೋಗಿದ್ದರಂತೆ. ಅಲ್ಲಿ ನೀರಿನ ಅಂಚಿನ ಬಂಡೆಗಳ ಮೇಲೆ ಸಾವಿರಾರು ವರ್ಷ ಹಿಂದಿನವರು ಹಂಸ, ದೋಣಿ, ಕೊಂಬಿನ ಮೃಗಗಳನ್ನು ಕುಟ್ಟಿ ಬಿಡಿಸಿದ್ದಾರೆ. ಬೇರೆಯವರೆಲ್ಲ ಫೋಟೊ ಹೊಡೆದುಕೊಳ್ಳುತ್ತಿದ್ದರೆ ಇವರು ಚಪ್ಪಲಿ ಬಿಟ್ಟು ಹೋಗಿ ಆ ಹಂಸದ ಕುತ್ತಿಗೆಯನ್ನು ಬೆರಳಿನಿಂದ ಸವರಿ ನೋಡಿದರಂತೆ. ಕಬ್ಬಿಣ ಕಾಣದ ಕಾಲದ ಕೈ ಅದು, ಕಲ್ಲಿನಿಂದ ಕಲ್ಲು ಕುಟ್ಟಿದವನು ತನಗಿಂತ ದೊಡ್ಡ ಮೇಸ್ತ್ರಿ ಎಂದು ಹೇಳುವಾಗ ಅವರ ಮುಖದಲ್ಲಿ ಭಕ್ತಿ ಇತ್ತು. ಅವನ ಹೆಸರೇನು ಎಂದು ನಾನು ಕೇಳಿದೆ. ಹೆಸರು ಯಾಕೆ, ಹಂಸ ಇದೆಯಲ್ಲ ಎಂದರು.

ಇಷ್ಟೆಲ್ಲ ಮಾತಿನ ನಡುವೆ ಒಂದು ಮಾತು ನಿಂತುಹೋಗಿತ್ತು. ನೀರು ಸುಳ್ಳು ಹೇಳುವುದಿಲ್ಲ ಎನ್ನುವುದನ್ನು ಅವರು ಬಿಟ್ಟಿದ್ದರು. ನೀರು ಸುರಿಯುತ್ತಿದ್ದರು, ಕೂತು ನೋಡುತ್ತಿದ್ದರು, ಅಡ್ಡಗೆರೆಯನ್ನೂ ಹಾಕುತ್ತಿದ್ದರು, ಆದರೆ ಆ ಮಾತು ಮಾತ್ರ ಬರುತ್ತಿರಲಿಲ್ಲ. ಯಾರೋ ಅಣಕಿಸಿದಾಗ ಮೇಸ್ತ್ರಿ ಸಿಟ್ಟಿನಿಂದ ಎದ್ದು ಹೋದದ್ದನ್ನು ನಾನು ಮೊದಲ ಸಲ ನೋಡಿದೆ.

ಕಾರಣ ಗೊತ್ತಾದದ್ದು ಗೋಪಾಲಸ್ವಾಮಿ ಬೆಟ್ಟದಲ್ಲಿ. ಕಾರ್ಖಾನೆಯವರೆಲ್ಲ ಒಂದು ಭಾನುವಾರ ಹೋಗಿದ್ದೆವು. ಉಳಿದವರು ದರ್ಶನಕ್ಕೆ ನಿಂತಿದ್ದರು. ಮಂಜು ಎಷ್ಟಿತ್ತೆಂದರೆ ಎದುರಿನ ಬಸ್ಸೂ ಕಾಣುತ್ತಿರಲಿಲ್ಲ. ನಾನು ಸೆರಗು ಸುತ್ತಿಕೊಂಡು ನಡುಗುತ್ತಿದ್ದೆ. ಮೇಸ್ತ್ರಿ ಅಂಗಿಯ ಗುಂಡಿ ಬಿಚ್ಚಿಕೊಂಡು ಮೆಟ್ಟಿಲ ಕೊನೆಯಲ್ಲಿ ಕೂತಿದ್ದರು. ಇದು ಕರೇಲಿಯಾದ ಬೇಸಿಗೆ ಎಂದು ಕಿಚಾಯಿಸಿದರು. ಆಮೇಲೆ, ನಾನು ಕೇಳದೆಯೇ, ಆಪಾಳ ಕಲ್ಲಿನ ವಿಷಯ ಹೇಳಿದರು.

ಆಪಾ ಎಂದರೆ ಉರ್ದುವಿನಲ್ಲಿ ಅಕ್ಕ. ಕ್ವಾರಿಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದ ರಷ್ಯಾದ ಹೆಂಗಸನ್ನು ಅವರು ಹಾಗೆ ಕರೆಯುತ್ತಿದ್ದರು. ಅರವತ್ತು ದಾಟಿದವಳು. ಇವರು ಹಂದಿ ತಿನ್ನುವುದಿಲ್ಲವೆಂದು ಗೊತ್ತಾದ ದಿನದಿಂದ ಇವರ ಪಾಲಿಗೆ ಬೇರೆ ಪಾತ್ರೆಯಲ್ಲಿ ಮೀನಿನ ಸಾರು ಮಾಡುತ್ತಿದ್ದಳು. ಒನೇಗಾದಿಂದ ಬಿಳಿ ಸಮುದ್ರಕ್ಕೆ ಒಂದು ಕಾಲುವೆ ಇದೆ. ಅವಳ ಅಜ್ಜನ ಕಾಲದಲ್ಲಿ ಅಂದಿನ ಸರ್ಕಾರ ಕೈದಿಗಳನ್ನು ರೈಲಿನಲ್ಲಿ ತುಂಬಿ ತಂದು ಅದನ್ನು ತೋಡಿಸಿತು. ಮೆಷಿನ್ನಿಲ್ಲ, ಗುದ್ದಲಿ, ಸುತ್ತಿಗೆ, ಮರದ ಕೈಗಾಡಿ. ಕೆಳಗೆ ಬಂಡೆ, ಮೇಲೆ ಹಿಮ, ಅರೆಹೊಟ್ಟೆ. ಅಜ್ಜ ಏನು ತಪ್ಪು ಮಾಡಿದ್ದನೆಂದು ಮನೆಯವರಿಗೆ ಯಾರೂ ಹೇಳಲಿಲ್ಲ, ಸತ್ತದ್ದನ್ನೂ ಹೇಳಲಿಲ್ಲ. ಆಗ ಆಪಾಳ ತಾಯಿ ಕೈಗೂಸು.

ಆ ಕಡೆಯ ಪೈನ್ ಕಾಡೊಂದರಲ್ಲಿ ಅಂಥವರನ್ನು ಗುಂಡಿಗಳಲ್ಲಿ ಹಾಕಿದ್ದಾರೆ. ಯಾರು ಎಲ್ಲಿ ಮಲಗಿದ್ದಾರೆಂದು ತಿಳಿಯದ ಮನೆಯವರು ಒಂದೊಂದು ಮರವನ್ನು ತಮ್ಮದೆಂದು ಹಿಡಿದು, ಅದಕ್ಕೆ ತಮ್ಮವರ ಫೋಟೊ ಕಟ್ಟಿದ್ದಾರೆ. ಕಾಡಿನೊಳಗೆ ನಡೆದರೆ ಮರಮರದಿಂದಲೂ ಮುಖಗಳು ನೋಡುತ್ತವಂತೆ. ಆಪಾಳ ಹತ್ತಿರ ಫೋಟೊ ಕೂಡ ಇರಲಿಲ್ಲ. ಇದ್ದದ್ದು ಹೆಸರೊಂದೇ. ಹಾಗಾಗಿ ಅವಳಿಗೆ ಒಂದು ಕಲ್ಲು ಬೇಕಿತ್ತು, ಆ ಹೆಸರು ಕೆತ್ತಿದ್ದು. ಅಷ್ಟು ವರ್ಷ ಅನ್ನ ಬೇಯಿಸಿ ಹಾಕಿದ್ದಕ್ಕೆ ಕ್ವಾರಿಯ ಯಜಮಾನ ಒಂದು ಕಲ್ಲು ಕೊಡಲು ಒಪ್ಪಿದ. ಆರಿಸಿ, ಕೆತ್ತಿಕೊಡುವ ಭಾರ ಮೇಸ್ತ್ರಿಯದು.

ಅದು ಅವರ ಮೊದಲ ಚಳಿಗಾಲ. ಅಂಗಳದಲ್ಲಿದ್ದ ಒಂದು ಕಲ್ಲು ಕಣ್ಣಿಗೆ ಹಿಡಿಸಿತು. ಗೆರೆ ಇದೆಯೇ ಎಂದು ನೋಡಲು ನೀರು ಸುರಿಯಬೇಕಲ್ಲ, ಅದು ನಮ್ಮ ಪದ್ಧತಿ. ಮೈನಸ್ ಮೂವತ್ತರ ಚಳಿಯಲ್ಲಿ ತಣ್ಣೀರು ಸುರಿದರೆ ಸುರಿದಲ್ಲೇ ಹೆಪ್ಪುಗಟ್ಟುತ್ತದೆ ಎಂದು ಯೋಚಿಸಿ, ಮೇಸ್ತ್ರಿ ಬಿಸಿನೀರು ಕೇಳಿದರು. ಆಪಾ ತಾನೇ ಕುದಿಯುವ ಕೆಟಲನ್ನು ಬಟ್ಟೆಯಲ್ಲಿ ಹಿಡಿದು ತಂದುಕೊಟ್ಟಳು. ಇವರು ಸುರಿದರು. ಹಬೆ ಎದ್ದಿತು. ಹಬೆ ಇಳಿದ ಮೇಲೆ ನೋಡಿದರೆ ಒಂದು ಗೆರೆಯೂ ಇಲ್ಲ. ಒಳ್ಳೆಯ ಕಲ್ಲು ಎಂದು ಹೆಬ್ಬೆರಳು ಎತ್ತಿ ತೋರಿಸಿದರು. ಆಪಾ ಇವರ ಹಣೆಗೆ ಮುತ್ತಿಟ್ಟಳು.

ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಕಲ್ಲು ಎರಡು ಹೋಳಾಗಿತ್ತು. ಕಣ್ಣಿಗೆ ಕಾಣದ ಗೆರೆಯೊಳಗೆ ಇಳಿದ ನೀರು ಅಲ್ಲೇ ಗಟ್ಟಿಯಾಗಿ, ಬೆಣೆ ಹೊಡೆದ ಹಾಗೆ ಸೀಳಿಬಿಟ್ಟಿತ್ತು. ಆ ಊರಿನಲ್ಲಿ ಹುಟ್ಟಿದ ಮಗುವಿಗೂ ಗೊತ್ತಿರುವ ವಿಷಯ. ಹುಟ್ಟಿದಾಗಿನಿಂದ ನೀರು ಹರಿಯುವುದನ್ನೂ ಆರುವುದನ್ನೂ ಮಾತ್ರ ಕಂಡಿದ್ದ ನಮ್ಮ ಮೇಸ್ತ್ರಿಗೆ ಅದು ಹೊಳೆಯಲಿಲ್ಲ. ಇನ್ನೊಂದು ಕಲ್ಲು ಕೇಳಿದ್ದಕ್ಕೆ ಯಜಮಾನ, ಕೊಟ್ಟದ್ದು ಕೊಟ್ಟಾಯಿತು, ಒಡೆದವರು ನೀವು ಎಂದು ಮುಖ ತಿರುಗಿಸಿದ.

“ಆಪಾ ಒಂದ್ ಮಾತೂ ಅನ್ನಿಲ್ಲ ಕಣಮ್ಮಿ. ಆವತ್ತೂ ನಂಗೆ ಬ್ಯಾರೆ ಪಾತ್ರೇಲಿ ಸಾರು ಮಾಡಿ ಇಟ್ಟಿದ್ಲು. ಬಯ್ದುಬುಟ್ಟಿದ್ರೆ ಉಣ್ಬೋದಿತ್ತು,” ಎಂದರು ಮೇಸ್ತ್ರಿ. ಮಂಜಿನಲ್ಲಿ ಅವರ ಮುಖ ನನಗೆ ಸರಿಯಾಗಿ ಕಾಣುತ್ತಿರಲಿಲ್ಲ. ಕಂಡಿದ್ದರೆ ಇನ್ನೂ ಕಷ್ಟವಾಗುತ್ತಿತ್ತು.

ಊರಿಗೆ ಹೊರಡುವ ದಿನ ಅವರು ಆಪಾಳ ಕೈ ಹಿಡಿದು, ನಮ್ಮ ಊರಿನಿಂದ ಕಲ್ಲು ಕಳಿಸುತ್ತೇನೆ, ನಿಮ್ಮ ಚಳಿಗೆ ಒಡೆಯದ್ದು ಎಂದು ಮಾತು ಕೊಟ್ಟಿದ್ದರು. ಅವಳು ಒಂದು ಚೀಟಿಯಲ್ಲಿ ಅಜ್ಜನ ಹೆಸರು ಬರೆದುಕೊಟ್ಟಿದ್ದಳು. ಆ ಚೀಟಿ ಪ್ಲಾಸ್ಟಿಕ್ಕಿನಲ್ಲಿ ಮಡಿಸಿ ಅವರ ಜೇಬಿನಲ್ಲೇ ಇರುತ್ತಿತ್ತು. ಅವರ ಉಳಿದ ಆಯಸ್ಸೆಲ್ಲ ಆ ಚೀಟಿಗಾಗಿ ಕಳೆಯಿತೆಂದರೆ ತಪ್ಪಲ್ಲ.

ಅಲ್ಲಿಂದ ಶುರುವಾಯಿತು ಅವರ ಹುಡುಕಾಟ. ಕಾರ್ಖಾನೆಗೆ ಬಂದ ಪ್ರತಿ ಬ್ಲಾಕಿನಿಂದಲೂ ಒಂದು ಚೂರು ಒಡೆದುಕೊಳ್ಳುವರು. ಅದನ್ನು ನೀರಿನಲ್ಲಿ ನೆನೆಹಾಕಿ, ಗುಂಡ್ಲುಪೇಟೆಯಲ್ಲಿ ಹೆಂಡತಿಯ ತಮ್ಮ ನಡೆಸುತ್ತಿದ್ದ ಐಸ್‌ಕ್ಯಾಂಡಿ ಕಾರ್ಖಾನೆಗೆ ಒಯ್ದು, ಕ್ಯಾಂಡಿಗಳ ಜೊತೆ ವಾರಗಟ್ಟಲೆ ಇಡುವರು. ಭಾವನ ಕಲ್ಲು ತೆಗೆದರೇ ನನ್ನ ಕ್ಯಾಂಡಿಗೆ ಜಾಗ ಎಂದು ಆತ ಎಲ್ಲರ ಮುಂದೆ ಗೊಣಗುತ್ತಿದ್ದ. ತೆಗೆದು ಬಿಸಿಲಿಗಿಟ್ಟು, ಮತ್ತೆ ನೆನೆಸಿ, ಮತ್ತೆ ಇಟ್ಟು, ಎಲ್ಲಾದರೂ ಸಣ್ಣ ಪುಡಿ ಉದುರಿದರೂ ಆ ಬ್ಲಾಕು ಬೇಡ. ವರ್ಷಗಳು ಹೀಗೇ ಹೋದವು. ಜಗತ್ತಿಗೆ ಒಪ್ಪಿಗೆಯಾದ ಕಲ್ಲುಗಳು ಆಪಾಳ ಅಜ್ಜನಿಗೆ ಒಪ್ಪಿಗೆಯಾಗಲಿಲ್ಲ. ನೀವು ಕಲ್ಲಿಗೆ ಹೆಣ್ಣು ನೋಡುತ್ತಿದ್ದೀರಾ ಎಂದು ನಾನು ರೇಗಿಸುತ್ತಿದ್ದೆ. ಅಷ್ಟರಲ್ಲಿ ಅವರ ಕೆಮ್ಮು ಹೆಚ್ಚಿತ್ತು. ಎದೆಯಲ್ಲಿ ಕಲ್ಲಿನ ದೂಳು ಕೂತಿದೆ, ಅದಕ್ಕೆ ಮದ್ದಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿದ್ದನ್ನು ಅವರು ನನಗೆ ಹೇಳಲಿಲ್ಲ, ಅವರ ಹೆಂಡತಿ ಹೇಳಿದರು.

ಕೊನೆಗೊಂದು ಕಲ್ಲು ಗೆದ್ದಿತು. ಇಬ್ಬರು ಎತ್ತಬಹುದಾದಷ್ಟು, ಮೊಣಕಾಲೆತ್ತರದ್ದು. ಅದನ್ನು ಅವರೇ ಕೊಯ್ದು, ಅವರೇ ಪಾಲಿಶ್ ಮಾಡಿದರು. ಹತ್ತು ಏಟು ಹೊಡೆದರೆ ಐದು ನಿಮಿಷ ಕೂತು ಉಸಿರು ಎಳೆದುಕೊಳ್ಳಬೇಕು. ಚೀಟಿಯನ್ನು ಎದುರಿಗಿಟ್ಟುಕೊಂಡು ಒಂದು ಹೆಸರು ಕೆತ್ತಲು ಒಂದು ತಿಂಗಳು ಹಿಡಿಯಿತು.

ಮುಗಿದ ದಿನ ಕಾಗದದ ಕೆಲಸಕ್ಕೆಂದು ನಾನು ಫೋನಿನಲ್ಲಿ ಅದರ ಫೋಟೊ ತೆಗೆದೆ. ಕಲ್ಲು ಕನ್ನಡಿಯಂತಿತ್ತು. ಎದುರಿಗೆ ನಿಂತು ಬಿಸಿಲು ಮರೆಮಾಡುತ್ತಿದ್ದ ಮೇಸ್ತ್ರಿಯ ಮುಖ, ಬಿಳಿ ಗಡ್ಡ, ಎರಡು ವಾಚಿನ ಎರಡು ಕೈ ಎಲ್ಲವೂ ಹೆಸರಿನ ಮೇಲ್ಗಡೆ ಮೂಡಿಬಿಟ್ಟಿದ್ದವು. ಅವರಿಗೆ ತೋರಿಸಿದೆ. ಸತ್ತವರ ಹೆಸರಿನ ಮೇಲೆ ಬದುಕಿರುವವನ ಮುಖ ಬರಬಾರದು, ಬೇರೆ ತೆಗಿ ಎಂದು ಪಕ್ಕಕ್ಕೆ ಸರಿದರು. ಬೇರೆ ತೆಗೆದೆ. ಮೊದಲನೆಯದನ್ನು ಅಳಿಸಲಿಲ್ಲ.

ಇನ್ನು ಮುಂದಿನದನ್ನು ಬರೆಯಲು ನನಗೆ ಇಷ್ಟವಿಲ್ಲ. ಆದರೂ ಬರೆಯಬೇಕು.

ಆ ವಾರವೇ ರಷ್ಯಾಕ್ಕೆ ಒಂದು ಕಂಟೇನರ್ ಹೊರಟಿತ್ತು. ಅದರಲ್ಲಿ ಬರೀ ಚಪ್ಪಡಿ. ಕೆತ್ತಿದ ಸ್ಮಾರಕದ ಕಲ್ಲು ಸೇರಿಸಬೇಕಾದರೆ ಬೇರೆ ಬಗೆಯ ಕಾಗದ, ಇನ್ನೆರಡು ಕಡೆ ಸಹಿ, ಎರಡು ದಿನದ ಓಡಾಟ. ಬೇಗೂರಿನಲ್ಲಿ ನನ್ನ ತಂಗಿಯ ಮದುವೆ. ರಜೆ ಹಾಕಿ, ಬ್ಯಾಗು ಹೆಗಲಿಗೇರಿಸಿ, ಬಸ್ಸಿಗೆ ಹೊರಟು ನಿಂತಿದ್ದೆ. ಮೇಸ್ತ್ರಿ ಕಿಟಕಿಯ ಹತ್ತಿರ ಬಂದರು. ಕೇಳಲು ಬಂದವರು, ನನ್ನ ಬ್ಯಾಗು ನೋಡಿ ಕಿಟಕಿಯ ಸರಳು ಹಿಡಿದು ನಿಂತರು.

“ಮುಂದಿನ ಕಂಟೇನರ್‌ಗೆ ಆಕನ ಬುಡಿ ಮೇಸ್ತ್ರಿ, ಇಷ್ಟು ವರ್ಸ ಕಾದಿದ್ದೀರಿ,” ಎಂದೆ ನಾನು.

“ಆಗ್ಲಿ ಕಣಮ್ಮಿ. ಮದ್ವೆ ಚೆನ್ನಾಗ್ ಮಾಡ್ಕಂಡು ಬಾ,” ಎಂದರು.

ಮುಂದಿನ ಕಂಟೇನರ್ ಇರಲಿಲ್ಲ. ನಾನು ಮದುವೆಯ ಅರಿಶಿನ ಬಣ್ಣ ಹೋಗುವ ಮೊದಲೇ ಕೆಲಸಕ್ಕೆ ಬಂದೆ, ಕೆಲವೇ ವಾರಗಳಲ್ಲಿ ಆ ಕಡೆ ಯುದ್ಧ ಶುರುವಾಯಿತು. ಹಡಗಿನವರು ಆ ದಿಕ್ಕಿನ ಸರಕು ಒಪ್ಪಲಿಲ್ಲ, ನಮ್ಮ ವ್ಯಾಪಾರಿ ಆರ್ಡರುಗಳನ್ನು ನಿಲ್ಲಿಸಿದ, ಯಜಮಾನರು ಬೇರೆ ದೇಶದ ಗಿರಾಕಿ ಹುಡುಕಿಕೊಂಡರು. ಆಪಾಳ ಕಲ್ಲು ಶೆಡ್ಡಿನ ಮೂಲೆಯಲ್ಲಿ ಗೋಣಿತಾಟು ಹೊದ್ದು ಕೂತಿತು. ಯಾವುದಾದರೂ ದಾರಿಯಿಂದ ಕಳಿಸಲು ನಾನು ಸುಮಾರು ಕಡೆ ಕೇಳಿದೆ, ಬರೆದೆ, ಅಲೆದೆ. ಮದುವೆಯ ಮುಂಚೆ ಎರಡು ದಿನ ಅಲೆದಿದ್ದರೆ ಸಾಕಾಗಿತ್ತು.

ಫೋಟೊವನ್ನಾದರೂ ಕಳಿಸೋಣ ಎಂದೆ. ಆಪಾಳ ಮೊಮ್ಮಗಳ ಫೋನ್ ನಂಬರು ನನ್ನ ಹತ್ತಿರವೇ ಇತ್ತು, ಹಬ್ಬಕ್ಕೆ ಮೇಸ್ತ್ರಿಯ ಪರವಾಗಿ ನಾನೇ ಮೆಸೇಜು ಹಾಕುತ್ತಿದ್ದೆ. ಅವರು ಒಪ್ಪಲಿಲ್ಲ. ಕಲ್ಲು ಕಳಿಸುತ್ತೇನೆ ಎಂದವನು ಪಟ ಕಳಿಸಿ ಕೈ ತೊಳೆದುಕೊಳ್ಳಲೇ ಎಂದು ಕೇಳಿದರು. ಕಲ್ಲು ಮುಗಿದ ಸುದ್ದಿಯನ್ನೂ ಹೇಳಬೇಡ, ತಲುಪಿದ ದಿನ ತಾನೇ ತಿಳಿಯುತ್ತದೆ ಎಂದರು. ನನ್ನ ತಪ್ಪಿನ ವಿಷಯವನ್ನು ಒಂದು ದಿನವೂ ಎತ್ತಲಿಲ್ಲ. ಬಯ್ದಿದ್ದರೆ ಉಣ್ಣಬಹುದಿತ್ತು ಎಂದು ಅವರು ಬೆಟ್ಟದ ಮೇಲೆ ಹೇಳಿದ ಮಾತು ನನಗೆ ಆಗ ಅರ್ಥವಾಯಿತು.

ಆಮೇಲೆ ಅವರು ಕೆಲಸ ಬಿಟ್ಟು ಗುಂಡ್ಲುಪೇಟೆಯ ಮನೆ ಸೇರಿದರು. ಮಲಗಿದರೆ ಉಸಿರು ಕಟ್ಟುತ್ತದೆಂದು ಹಗಲೂ ಇರುಳೂ ಗೋಡೆಗೊರಗಿ ಕೂತಿರುತ್ತಿದ್ದರು. ನಾನು ಹೋದಾಗಲೆಲ್ಲ ಬಲಗೈ ವಾಚು ನೋಡಿ ಅಲ್ಲಿಯ ಹೊತ್ತು ಹೇಳುತ್ತಿದ್ದರು. ಕಲ್ಲು ಒಣಗಿದ ಜಾಗದಲ್ಲಿ ಇದೆ ತಾನೇ ಎಂದು ಮಾತ್ರ ಕೇಳುತ್ತಿದ್ದರು. ಇದೆ ಎನ್ನುತ್ತಿದ್ದೆ.

ತೀರಿಕೊಂಡ ದಿನ ಅವರ ಹೆಂಡತಿ ನನ್ನನ್ನು ಒಳಗೆ ಕರೆದು, ಆ ಚೀಟಿಯನ್ನು ನನ್ನ ಕೈಯಲ್ಲಿಟ್ಟರು. “ಆ ಅಮ್ಮಿಗೆ ಏನೂ ಅನ್ಬ್ಯಾಡ, ತಂಗಿ ಮದ್ವೆ ಮಾಡಾಕೆ ಓಗಿತ್ತು ಅಂತಿದ್ರು ಕಣಮ್ಮ. ನಾನ್ಯಾಕೆ ಅನ್ಲಿ,” ಎಂದರು. ಹಾಗಾದರೆ ಮನೆಯಲ್ಲಿ ಆ ಮಾತು ಬಂದಿತ್ತು. ಅವರು ನನ್ನ ಮುಂದೆ ಮಾತ್ರ ಎತ್ತಿರಲಿಲ್ಲ.

ಒಂದು ತಿಂಗಳು ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡು ಓಡಾಡಿದೆ. ಆಮೇಲೆ ಮೇಸ್ತ್ರಿಯ ಮಾತನ್ನು ಮೀರಿದೆ. ಇದು ಅವರು ಅಜ್ಜನಿಗೆ ಮಾಡಿದ ಕಲ್ಲು, ಬರಲು ದಾರಿಯಿಲ್ಲ, ಚಿತ್ರ ಕಳಿಸುತ್ತಿದ್ದೇನೆ, ಕ್ಷಮಿಸಿ ಎಂದು ಫೋನಿನಲ್ಲೇ ಅವರ ಭಾಷೆಗೆ ಮಾಡಿಸಿ ಮೊಮ್ಮಗಳಿಗೆ ಹಾಕಿದೆ. ಎರಡು ಫೋಟೊಗಳಲ್ಲಿ ಯಾವುದೆಂದು ಬಹಳ ಹೊತ್ತು ಯೋಚಿಸಿ, ಅವರ ಮುಖ ಮೂಡಿದ್ದನ್ನೇ ಕಳಿಸಿದೆ. ಅವರು ಇಲ್ಲ ಎಂದು ಬರೆಯಲು ಮಾತ್ರ ಕೈ ಬರಲಿಲ್ಲ. ಇಲ್ಲಿಯೂ ನಾನು ಮುಂದಕ್ಕೆ ಹಾಕಿದೆ ಎನ್ನಿ.

ಚಳಿಗಾಲವೆಲ್ಲ ಉತ್ತರವಿಲ್ಲ. ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಫೋನು ಸದ್ದು ಮಾಡಿತು. ಒಂದು ಚಿತ್ರ. ಎತ್ತರದ ಪೈನ್ ಮರ, ಬುಡದಲ್ಲಿ ಕೊಳೆಯಾದ ಹಿಮದ ಕೊನೆಯ ಮುದ್ದೆಗಳು. ಮರದ ಮೈಗೆ, ಎದೆಯೆತ್ತರದಲ್ಲಿ, ಗಾಜು ಹಾಕಿದ ಚೌಕಟ್ಟಿನಲ್ಲಿ ನಮ್ಮ ಶೆಡ್ಡಿನ ಮುಂದಿನ ಆ ಕಲ್ಲು. ಅದರೊಳಗೆ ಒಬ್ಬ ಮುದುಕ, ಎರಡು ಕೈಗೂ ವಾಚು ಕಟ್ಟಿಕೊಂಡು ನಿಂತಿದ್ದಾನೆ. ಸುತ್ತಲಿನ ಮರಗಳ ಮೇಲೆ ಬೇರೆ ಬೇರೆ ಮುಖಗಳು. ಊರಲ್ಲಿ ಹೆಸರೂ ಇಲ್ಲದ ಕಾಡುಗಲ್ಲಿನ ಕೆಳಗೆ ಮಲಗಿದ ಮನುಷ್ಯ ಅಲ್ಲಿ ಅಷ್ಟು ಜನರ ನಡುವೆ ನಿಂತಿದ್ದನ್ನು ನೋಡಿ ನಾನು ಆಫೀಸಿನ ಬಾಗಿಲು ಹಾಕಿಕೊಂಡೆ.

ಕೆಳಗೆ ಮೊಮ್ಮಗಳು ಬರೆದಿದ್ದಳು. ಹಿಮ ದಾರಿ ಮುಚ್ಚುವ ಮೊದಲೇ ಅಜ್ಜಿಯನ್ನು ಕರೆದೊಯ್ದು ಕಟ್ಟಿಸಿದೆವು, ಅಜ್ಜಿ ಅವರನ್ನು ಕಂಡ ಕೂಡಲೇ ಗುರುತು ಹಿಡಿದಳು, ಇವತ್ತು ಹಿಮ ಕರಗಿದ ಮೇಲೆ ಮತ್ತೆ ಬಂದು ನೋಡಿದೆವು. ಒಂದು ಮಾತು ತಪ್ಪದೆ ತಿಳಿಸಬೇಕೆಂದು ಅಜ್ಜಿ ಪಕ್ಕದಲ್ಲೇ ನಿಂತು ಹೇಳುತ್ತಿದ್ದಾಳೆ: ಈ ಸಲ ಚಳಿ ಜೋರಿತ್ತು, ಆದರೂ ಕಲ್ಲು ಒಡೆದಿಲ್ಲ, ತಮ್ಮನಿಗೆ ಹೇಳು.

ನಾನು ಅರ್ಧ ದಿನದ ರಜೆ ಬರೆದಿಟ್ಟು ಗುಂಡ್ಲುಪೇಟೆಯ ಬಸ್ಸು ಹತ್ತಿದೆ. ಖಬರಸ್ತಾನದೊಳಗೆ ಹೆಂಗಸರು ಹೋಗುವ ರೂಢಿಯಿಲ್ಲ. ಕಾಂಪೌಂಡಿನ ಹೊರಗೆ, ಅವರ ಕಾಡುಗಲ್ಲು ಕಾಣುವ ಕಡೆ ನಿಂತೆ. ಬಿಸಿಲಿತ್ತು. ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದವರು ನೋಡುತ್ತಿದ್ದರು, ನೋಡಲಿ ಬಿಡಿ.

“ಮೇಸ್ತ್ರಿ,” ಎಂದೆ ಗಟ್ಟಿಯಾಗಿ, “ಕಲ್ಲು ಒಡ್ದಿಲ್ವಂತೆ.”